ಜ್ವರ ಬಿಟ್ಟ ಮೇಲೆ ಅಪ್ಪನ ಬಲಗೈ ತಣ್ಣಗಾಯಿತು, ರಕ್ತನಾಳದಲ್ಲಿ ಹೆಪ್ಪು ಅಂತೆ. ಇದು ವೈರಸ್‌ನಿಂದ ಆಗುತ್ತಾ?

ಬರೆದವರು: ಶಿಡ್ಲಘಟ್ಟದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪನಿಗೆ 61 ವರ್ಷ. ಮನೆ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಕೆಲಸ, ಗೂಡು ಹಾಕುವ ಬಿಸಿನೀರಿನ ಬೇಸಿನ್ ಆರು ಇವೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನೆನಪಾದಾಗ ತಗೊಳ್ಳುತ್ತಾರೆ. ಬೀಡಿಯೂ ಇದೆ. ದಿನಕ್ಕೆ ಎಷ್ಟು ಅಂತ ಕೇಳಿದರೆ "ಎರಡು" ಅನ್ನುತ್ತಾರೆ, ಎರಡು ಕಟ್ಟು ಅಂತ ಹೇಳಲ್ಲ.

ಹೋದ ತಿಂಗಳು ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಜ್ವರ ಬಂತು. ಕೆಮ್ಮು, ಮೈಕೈ ನೋವು, ಬಾಯಿಗೆ ರುಚಿ ಇಲ್ಲ. ಯಾರೂ ಟೆಸ್ಟ್ ಮಾಡಿಸಲಿಲ್ಲ, ಡೋಲೋ ನುಂಗಿ ಮಲಗಿದೆವು. ಅಪ್ಪನಿಗೆ ನಾಲ್ಕು ದಿನ ಇತ್ತು, ಬಿಟ್ಟಿತು. ಮಾರ್ಕೆಟ್ಟಿನಿಂದ ಗೂಡು ತಂದಿಟ್ಟಿದ್ದರು, ಇಟ್ಟರೆ ಕೆಟ್ಟುಹೋಗುತ್ತೆ ಅಂತ ಒಂಬತ್ತನೇ ದಿನಕ್ಕೇ ಬೇಸಿನ್ ಮುಂದೆ ಕೂತರು.

ಬೆಳಗ್ಗೆ ಹನ್ನೊಂದು ಗಂಟೆ ಇರಬಹುದು. "ಏನೋ ಇದು, ನೀರು ಹೀಗೆ ತಣ್ಣಗಿದೆ, ಒಲೆ ನೋಡೋ" ಅಂತ ಕೆಲಸದ ಹುಡುಗನ ಮೇಲೆ ರೇಗಿದರು. ಬೇಸಿನ್ನಿಂದ ಹಬೆ ಏಳುತ್ತಿತ್ತು. ಆ ಹುಡುಗ ಬೆರಳು ಅದ್ದಿ ತಟ್ಟನೆ ಹಿಂದಕ್ಕೆ ಎಳೆದುಕೊಂಡ. ಅಪ್ಪ ಎಡಗೈ ಅದ್ದಿದರು, ಸುಟ್ಟಿತು. ಬಲಗೈ ಅದ್ದಿದರು, ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮೊಣಕೈಯಿಂದ ಕೆಳಗೆ ನೋವು ಶುರುವಾಯಿತು, ಹತ್ತು ನಿಮಿಷದಲ್ಲಿ ಕೂಗಾಡುವಷ್ಟು ಜಾಸ್ತಿ ಆಯಿತು. ಅಂಗೈ ಸುಣ್ಣ ಬಳಿದ ಹಾಗೆ ಬಿಳಿ.

ಅಮ್ಮ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ನರ ಸೆಳೆತ ಅಂತ ಹೇಳಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆ ಪಕ್ಕದ ಮನೆ ಅಕ್ಕ ಬಂದರು, ಅವರು ಆರೋಗ್ಯ ಕೇಂದ್ರದಲ್ಲಿ ನರ್ಸ್. ಎರಡೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು. "ಈ ಕೈಯಲ್ಲಿ ನಾಡಿ ಸಿಗುತ್ತಿಲ್ಲ. ಇಲ್ಲಿ ಎಲ್ಲೂ ನಿಲ್ಲಿಸಬೇಡಿ, ಬೆಂಗಳೂರಿಗೆ ಹೊರಡಿ" ಅಂದರು. ವಿಜಯಪುರ, ದೇವನಹಳ್ಳಿ ದಾಟಿ ಆಸ್ಪತ್ರೆ ಮುಟ್ಟುವಾಗ ರಾತ್ರಿ ಏಳೂವರೆ. ಅಲ್ಲಿ ಮೂಗಿನ ಟೆಸ್ಟ್ ಮಾಡಿದರೆ ಕೋವಿಡ್ ಪಾಸಿಟಿವ್! ಅದು ಇನ್ನೂ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ರಾತ್ರಿಯೇ ಆಪರೇಷನ್ ಮಾಡಿ ಹೆಪ್ಪು ತೆಗೆದರು. ಕೈ ಉಳಿದಿದೆ. ಕಿರುಬೆರಳ ತುದಿ ಮಾತ್ರ ಕಪ್ಪಗಿದೆ, ಕಾದು ನೋಡೋಣ ಅಂದಿದ್ದಾರೆ. ರಕ್ತ ತೆಳು ಮಾಡಲು ಅಸಿಟ್ರೋಮ್ ಅಂತ ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅನ್ನುವ ಟೆಸ್ಟ್) ನೋಡಿಸಬೇಕು.

ಈಗ ನನ್ನ ಪ್ರಶ್ನೆಗಳು. ಮಾಮೂಲಿ ಜ್ವರಕ್ಕೆ ಕೈಯಲ್ಲಿ ರಕ್ತ ಹೆಪ್ಪುಗಟ್ಟುವುದು ನಿಜವಾ, ಇಲ್ಲ ಬೇರೆ ಏನಾದರೂ ಇದೆಯಾ? ಮಾತ್ರೆ ಎಷ್ಟು ದಿನ? ಸೊಪ್ಪು ಪೂರ್ತಿ ಬಿಡಿಸಿ ಅಂತ ಯಾರೋ ಹೇಳಿದರು, ನಮ್ಮ ಮನೆಯಲ್ಲಿ ಸೊಪ್ಪಿಲ್ಲದೆ ಸಾರೇ ಇಲ್ಲ. ಇನ್ನೊಬ್ಬರು ಇದು ಇಲಿ ಪಾಷಾಣದ ಮಾತ್ರೆ ಅಂದುಬಿಟ್ಟರು, ಅಮ್ಮ ಡಬ್ಬಿಯನ್ನೇ ಬೀರುವಿನಲ್ಲಿ ಬಚ್ಚಿಟ್ಟರು, ಒಂದು ದಿನದ ಮಾತ್ರೆ ತಪ್ಪಿಹೋಯಿತು. ಮನೆಯಲ್ಲಿ ಉಳಿದವರಿಗೂ ಅದೇ ಜ್ವರ ಬಂದಿತ್ತಲ್ಲ, ನಾವು ಆಸ್ಪಿರಿನ್ ತಗೋಬೇಕಾ? ಡಾಕ್ಟರನ್ನು ಕೇಳಿದೆ, ಅವರು ಹೇಳಿದರು, ಆದರೆ ಆವತ್ತು ನನ್ನ ತಲೆಗೆ ಏನೂ ಹೋಗಲಿಲ್ಲ.

—

ಉತ್ತರ: ಮಂಡಿ ಅಣ್ಣ, ಕೋಲಾರ

ತಂಗೀ, ಮೊದಲು ಆ ಪಕ್ಕದ ಮನೆ ಅಕ್ಕನಿಗೆ ಒಂದು ಸೀರೆ ಕೊಡಿಸಿ.

ನಮ್ಮಣ್ಣನಿಗೆ 2021ರ ಮೇ ತಿಂಗಳಲ್ಲಿ ಕೋವಿಡ್ ಆಗಿ ಒಂಬತ್ತು ದಿನ ಆಕ್ಸಿಜನ್ ಮೇಲಿದ್ದ. ಬದುಕಿ ಮನೆಗೆ ಬಂದ ಅಂತ ಊರಿನವರೆಲ್ಲ ಖುಷಿಪಟ್ಟೆವು. ಬಂದ ಐದನೇ ದಿನ ರಾತ್ರಿ ಎಡಗಾಲು ನೋವು ಅಂದ. ಅಷ್ಟು ದಿನ ಮಲಗೇ ಇದ್ದನಲ್ಲ, ಹಿಡಿದುಕೊಂಡಿರಬೇಕು ಅಂತ ಬಿಸಿನೀರಿನ ಬ್ಯಾಗ್ ಇಟ್ಟೆವು. ಬೆಳಗ್ಗೆ ನೋಡಿದರೆ ಮೀನಖಂಡದ ಮೇಲೆ ಅಂಗೈಯಗಲ ಬೊಬ್ಬೆ. ಸುಟ್ಟಿದ್ದೇ ಅವನಿಗೆ ಗೊತ್ತಾಗಿಲ್ಲ! ಆಗಲಾದರೂ ನಮಗೆ ಹೊಳೆಯಬೇಕಿತ್ತು. ಮೂಳೆ ಡಾಕ್ಟರ ಹತ್ತಿರ ಹೋದೆವು, ಎಕ್ಸ್‌ರೇ ತೆಗೆದರು, ಮೂಳೆ ಚೆನ್ನಾಗಿದೆ ಅಂದರು. ಮೂಳೆ ಚೆನ್ನಾಗೇ ಇತ್ತು, ಅವರದ್ದೇನೂ ಸುಳ್ಳಲ್ಲ. ಆ ಟೈಮಿನಲ್ಲಿ ಎಲ್ಲೂ ಬೆಡ್ ಇಲ್ಲ, ಕೋವಿಡ್ ಆಗಿದ್ದವನು ಅಂದರೆ ಹತ್ತಿರ ಬರುವವರಿಲ್ಲ. ಮೂರನೇ ದಿನ ಹೆಬ್ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಬೆಂಗಳೂರಿನಲ್ಲಿ ಮಂಡಿ ಮೇಲಕ್ಕೆ ಕಾಲು ತೆಗೆದರು.

ಈಗ ಟೊಮೇಟೊ ಮಂಡಿಯಲ್ಲಿ ಕೂತು ಕ್ರೇಟ್ ಲೆಕ್ಕ ಬರೆಯುತ್ತಾನೆ. ಮೊದಲು 15 ಕೆಜಿ ಕ್ರೇಟನ್ನು ಒಂದೊಂದು ಕೈಯಲ್ಲಿ ಎತ್ತುತ್ತಿದ್ದವನು. ಹೆದರಿಸಲು ಹೇಳುತ್ತಿಲ್ಲ. ವೈರಸ್‌ನಿಂದ ಆಗುತ್ತಾ ಅಂತ ಕೇಳಿದಿರಲ್ಲ, ಆಗುತ್ತೆ. ನಮ್ಮ ಮನೆಯಲ್ಲೇ ಆಗಿದೆ.

—

ಉತ್ತರ: ಗುಬ್ಬಿ ಸಿಸ್ಟರ್

ನಾನು ಗುಬ್ಬಿಯವಳು, ಬೆಂಗಳೂರಿನಲ್ಲಿ ರಕ್ತನಾಳದ ಆಪರೇಷನ್ ಮಾಡುವ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ. ಮಾತ್ರೆ ಬದಲಾಯಿಸುವುದು, ಬಿಡುವುದು ಎಲ್ಲ ನಿಮ್ಮ ಡಾಕ್ಟರನ್ನೇ ಕೇಳಿ. ಉಳಿದದ್ದು ಹೇಳುತ್ತೇನೆ.

ರಕ್ತ ಯಾಕೆ ಹೆಪ್ಪುಗಟ್ಟುತ್ತೆ ಅನ್ನುವುದಕ್ಕೆ ನಮಗೆ ಕಾಲೇಜಿನಲ್ಲಿ ಹೇಳಿಕೊಡುವುದು ಮೂರು ಕಾರಣ. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಅವರ ಹೆಸರಿನಲ್ಲಿ ಇದೆ. ನಾಳದ ಒಳಗೋಡೆ ಕೆಡಬೇಕು, ಇಲ್ಲ ರಕ್ತದ ಓಟ ನಿಧಾನ ಆಗಬೇಕು, ಇಲ್ಲ ರಕ್ತವೇ ಗಟ್ಟಿಯಾಗುವ ಗುಣ ಪಡೆಯಬೇಕು. ಕೋವಿಡ್‌ನಲ್ಲಿ ಮೂರೂ ಒಟ್ಟಿಗೆ ಆಗಬಹುದು. ನಾಳದ ಒಳಗಡೆ ಗಾಜಿನ ಹಾಗೆ ನುಣುಪಾದ ಒಂದು ಪದರ ಇರುತ್ತೆ, ರಕ್ತ ಅಂಟದೆ ಜಾರಿ ಹೋಗುವುದು ಅದರಿಂದಲೇ. ಸೋಂಕು ಬಂದು ಮೈಯೆಲ್ಲ ಉರಿಯೂತ ಎದ್ದಾಗ ಆ ಪದರ ಒರಟಾಗುತ್ತೆ. ಅದೇ ಹೊತ್ತಿಗೆ ಲಿವರ್ ಫೈಬ್ರಿನೋಜನ್ ಅನ್ನುವ ಹೆಪ್ಪುಗಟ್ಟಿಸುವ ಪ್ರೋಟೀನ್ ಜಾಸ್ತಿ ಮಾಡುತ್ತೆ, ಪ್ಲೇಟ್‌ಲೆಟ್‌ಗಳು ಅಂಟಲು ಕಾಯುತ್ತಿರುತ್ತವೆ. ಜೊತೆಗೆ ಜ್ವರದವನು ನೀರು ಕುಡಿಯದೆ ಮಲಗಿರುತ್ತಾನೆ. ನಮ್ಮ ಕಡೆ ತೋಟದಲ್ಲಿ ಡ್ರಿಪ್ ಪೈಪ್ ನೋಡಿದ್ದೀರಲ್ಲ, ಒಳಗೆ ಪಾಚಿ ಕಟ್ಟಿ ಒರಟಾದ ಪೈಪಿನಲ್ಲಿ ಕೆಸರು ನೀರು ನಿಧಾನಕ್ಕೆ ಬಿಟ್ಟರೆ ಎಲ್ಲಿ ಕಟ್ಟಿಕೊಳ್ಳುತ್ತೋ ಹೇಳೋಕಾಗಲ್ಲ. ನಿಮ್ಮ ತಂದೆಗೆ ಸಕ್ಕರೆ ಮತ್ತು ಬೀಡಿಯಿಂದ ಪಾಚಿ ಮೊದಲೇ ಇತ್ತು ಅನ್ನಿ.

ಕೋವಿಡ್ ಒಂದೇ ಅಲ್ಲ. ಫ್ಲೂ ಜ್ವರ ಖಚಿತವಾದ ಮೊದಲ 7 ದಿನದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು 6 ಪಟ್ಟು ಅಂತ ಕೆನಡಾದ ಒಂಟಾರಿಯೋದಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಬಂತು. ಮಕ್ಕಳಲ್ಲಿ ಸೀತಾಳೆ ಸಿಡುಬು ಆಗಿ ಕೆಲವು ತಿಂಗಳಿಗೆ ಸ್ಟ್ರೋಕ್ ಆಗುವುದು ಅಪರೂಪ, ಆದರೆ ಇದೆ. ಕೋವಿಡ್ ಶುರುವಾದಾಗ, 2020ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕ್‌ನ ಡಾಕ್ಟರುಗಳು 50 ವರ್ಷ ದಾಟದ ಐವರಿಗೆ ಮೆದುಳಿನ ದೊಡ್ಡ ನಾಳವೇ ಮುಚ್ಚಿ ಸ್ಟ್ರೋಕ್ ಆಗಿದೆ ಅಂತ ವರದಿ ಮಾಡಿದರು. ಸ್ವೀಡನ್ನಿನಲ್ಲಿ ಆಮೇಲೆ ಸಾವಿರಾರು ರೋಗಿಗಳ ದಾಖಲೆ ನೋಡಿದಾಗಲೂ ಕೋವಿಡ್ ಆದ ಮೊದಲ ಎರಡು ವಾರದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಎರಡೂ ಹಲವು ಪಟ್ಟು ಜಾಸ್ತಿ ಕಂಡಿತು. ಆದರೂ ಜ್ವರ ಬಂದವರಲ್ಲಿ ಬಹುಪಾಲು ಜನಕ್ಕೆ ಇದ್ಯಾವುದೂ ಆಗಲ್ಲ, ಅದನ್ನೂ ನೆನಪಿಟ್ಟುಕೊಳ್ಳಿ.

ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಹೆಪ್ಪು ಕಾಲಿನ ಸಿರೆಯಲ್ಲಿ, ಅಂದರೆ ರಕ್ತ ವಾಪಸ್ ಹೋಗುವ ನಾಳದಲ್ಲಿ ಆದರೆ ಕಾಲು ಊದುತ್ತೆ, ಬೆಚ್ಚಗಿರುತ್ತೆ, ಕೆಂಪಗಾಗುತ್ತೆ. ರಕ್ತ ಬರುವ ಅಪಧಮನಿಯಲ್ಲಿ ಆದರೆ ಊತ ಇಲ್ಲ. ಬಿಳಿಚಿಕೊಳ್ಳುತ್ತೆ, ತಣ್ಣಗಾಗುತ್ತೆ, ಜೋಮು ಹಿಡಿಯುತ್ತೆ, ನಾಡಿ ಹೋಗುತ್ತೆ, ಕೊನೆಗೆ ಬೆರಳು ಆಡಿಸಲು ಆಗಲ್ಲ. ಇದು ಗಂಟೆ ಲೆಕ್ಕದ ಕೆಲಸ. ಆರು ಗಂಟೆ ದಾಟಿದರೆ ಸ್ನಾಯು, ನರ ವಾಪಸ್ ಬರುವುದು ಕಷ್ಟ. ನಿಮ್ಮ ತಂದೆ ಎಂಟೂವರೆ ಗಂಟೆ ಕಳೆದ ಮೇಲೆ ಆಸ್ಪತ್ರೆ ಮುಟ್ಟಿದರೂ ಕೈ ಉಳಿಯಿತು. ಮೊಣಕೈ ಸುತ್ತ ಸಣ್ಣ ಸಣ್ಣ ಅಡ್ಡ ನಾಳಗಳಿರುತ್ತವೆ, ಅವು ಅಷ್ಟಿಷ್ಟು ರಕ್ತ ದಾಟಿಸಿರಬೇಕು.

ಎಣ್ಣೆ ತಿಕ್ಕುವುದರಿಂದ ಒಳಗಿನ ಹೆಪ್ಪು ಕರಗಲ್ಲ, ಟೈಮ್ ಹೋಗುತ್ತೆ ಅಷ್ಟೇ. ಬಿಸಿ ಶಾಖ ಕೊಡಲೇಬಾರದು. ಮಂಡಿ ಅಣ್ಣ ಹೇಳಿದ ಬೊಬ್ಬೆ ನಾನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕಾಲನ್ನು ದಿಂಬಿನ ಮೇಲೆ ಎತ್ತಿ ಇಡುವುದೂ ಬೇಡ, ಮೊದಲೇ ರಕ್ತ ಇಳಿಯುತ್ತಿಲ್ಲ.

ಮನೆಯಲ್ಲೇ ನೋಡುವ ಬಗೆ ಹೇಳುತ್ತೇನೆ. ಕೈ ಆದರೆ ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆ, ಕಾಲಾದರೆ ಪಾದದ ಮೇಲ್ಭಾಗದಲ್ಲಿ ಅಥವಾ ಒಳಗಿನ ಹರಡಿನ ಹಿಂದೆ ನಾಡಿ ಹುಡುಕಿ. ಯಾವಾಗಲೂ ಎರಡೂ ಕಡೆ ಹೋಲಿಸಿ ನೋಡಬೇಕು. ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗಲ್ಲ. ಉಗುರು ಒತ್ತಿ ಬಿಡಿ, ಬಿಳಿ ಆದದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು.

ಇನ್ನು ಆ ಆಪರೇಷನ್ ಬಗ್ಗೆ. ನೀವು ನೂಲಿನ ಮನೆಯವರು, ನಿಮಗೆ ಇದು ಇಷ್ಟ ಆಗುತ್ತೆ. ಮೊಣಕೈ ಮಡಿಕೆಯಲ್ಲಿ ಸಣ್ಣದಾಗಿ ಕೊಯ್ದು, ಮುಂದೆ ಪುಟ್ಟ ಬಲೂನ್ ಇರುವ ದಾರದಂತಹ ಕೊಳವೆಯನ್ನು ಹೆಪ್ಪು ದಾಟಿಸಿ ಆಚೆ ತಳ್ಳುತ್ತಾರೆ. ಆಮೇಲೆ ಬಲೂನ್ ಉಬ್ಬಿಸಿ ಹಿಂದಕ್ಕೆ ಎಳೆದರೆ ಹೆಪ್ಪು ಜೊತೆಗೇ ಬರುತ್ತೆ, ನೆನೆಸಿದ ಹುಣಸೆಹಣ್ಣಿನ ಎಳೆ ಹಾಗಿರುತ್ತೆ. ಇದನ್ನು ಕಂಡುಹಿಡಿದದ್ದು ಅಮೆರಿಕದ ಥಾಮಸ್ ಫೋಗಾರ್ಟಿ, 1960ರ ದಶಕದ ಶುರುವಿನಲ್ಲಿ. ಮೊದಲ ಬಲೂನ್ ಮಾಡಿದ್ದು ಆಪರೇಷನ್ ಗ್ಲೌಸಿನ ಕಿರುಬೆರಳಿನ ತುದಿ ಕತ್ತರಿಸಿ. ರಬ್ಬರನ್ನು ಕೊಳವೆಗೆ ಅಂಟಿಸಲು ಸರಿಯಾದ ಅಂಟು ಸಿಗಲಿಲ್ಲ, ಅದಕ್ಕೆ ಚಿಕ್ಕಂದಿನಲ್ಲಿ ಮೀನಿನ ಗಾಳಕ್ಕೆ ಎರೆ ಕಟ್ಟಿ ಕಲಿತಿದ್ದ ಗಂಟು ಹಾಕಿ ದಾರದಲ್ಲಿ ಬಿಗಿದರು. ಹೆಪ್ಪು ತೆಗೆದ ಮೇಲೆ ಮಣಿಕಟ್ಟಿಗೆ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಪೆನ್ ಇಟ್ಟು ನೋಡುತ್ತೇವೆ. ಅಷ್ಟು ಹೊತ್ತು ಬರೀ ಗೊರಗೊರ ಅನ್ನುತ್ತಿದ್ದದ್ದು ಸುಯ್ ಸುಯ್ ಅಂತ ಶುರುವಾದರೆ ಥಿಯೇಟರಿನಲ್ಲಿ ಇದ್ದವರೆಲ್ಲ ಉಸಿರು ಬಿಡುತ್ತಾರೆ.

ಒಂದು ಮುಖ್ಯ ವಿಷಯ. ಕೈಗೆ ಬರುವ ಹೆಪ್ಪು ಎಷ್ಟೋ ಸಲ ಹೃದಯದಿಂದ ಹೊರಟು ಬಂದಿರುತ್ತೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದ್ದಾರಾ? 24 ಗಂಟೆ ಎದೆಗೆ ಕಟ್ಟಿ ಬಡಿತ ಬರೆದುಕೊಳ್ಳುವ ಹೋಲ್ಟರ್ ಮಾಡಿದ್ದಾರಾ? ಜ್ವರದ ಹೊತ್ತಿನಲ್ಲಿ ಹೃದಯದ ಬಡಿತ ತಾಳ ತಪ್ಪಬಹುದು, ಹಾಗಾದಾಗ ಒಳಗೆ ರಕ್ತ ನಿಂತು ಹೆಪ್ಪಾಗುತ್ತೆ. ಮಾತ್ರೆ ಎಷ್ಟು ದಿನ ಅನ್ನುವುದು ಇದರ ಮೇಲೇ ನಿಂತಿದೆ. ಬರೀ ಸೋಂಕಿನಿಂದ ಆಗಿದ್ದರೆ ಕೆಲವು ತಿಂಗಳಿಗೆ ಮುಗಿಯಬಹುದು, ಬಡಿತದ ತೊಂದರೆ ಇದ್ದರೆ ಸಾಮಾನ್ಯವಾಗಿ ಜೀವನಪೂರ್ತಿ. ಕೇಳಿ.

ಆಸ್ಪಿರಿನ್ ನೀವಾಗಿ ನೀವೇ ತಗೋಬೇಡಿ. ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ ಸುಮಾರು 15 ಸಾವಿರ ಕೋವಿಡ್ ರೋಗಿಗಳ ಮೇಲೆ ನೋಡಿದರು, ಆಸ್ಪಿರಿನ್ ಕೊಟ್ಟರೂ ಸಾವು ಕಡಿಮೆ ಆಗಲಿಲ್ಲ, ರಕ್ತಸ್ರಾವ ಮಾತ್ರ ಸ್ವಲ್ಪ ಜಾಸ್ತಿ. ಇನ್ನು ನಮ್ಮ ಕಡೆ ಮಳೆ ಬಿದ್ದರೆ ಡೆಂಗಿ. ಡೆಂಗಿ ಜ್ವರಕ್ಕೆ ಆಸ್ಪಿರಿನ್, ಬ್ರೂಫೆನ್ ನುಂಗಿದರೆ ರಕ್ತ ಸೋರುವ ಅಪಾಯ. ಯಾವ ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಸಾಕು.

—

ಉತ್ತರ: ನಿಜ ಹೇಳ್ತೀನಿ

ಸಿಸ್ಟರ್ ಇಷ್ಟುದ್ದ ಬರೆದರು, ಅಸಲಿ ವಿಷಯ ಬಿಟ್ಟರು. ಎಲ್ಲಾ ಆ ಕೋವಿಡ್ ಲಸಿಕೆ ಕೆಲಸ. ಅದು ಬರುವ ಮೊದಲು ಹೀಗೆಲ್ಲ ಎಲ್ಲಿತ್ತು? ಕಂಪನಿಯವರೇ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದಾರೆ.

—

ಉತ್ತರ: ಚಿಂತಾಮಣಿ ಲ್ಯಾಬ್

ಸ್ವಾಮಿ, ಅರ್ಧ ನಿಜ ಹೇಳಿದ್ದೀರಿ, ಉಳಿದರ್ಧ ನಾನು ಹೇಳುತ್ತೇನೆ. ಅಸ್ಟ್ರಾಜೆನಕಾ ಲಸಿಕೆಯಿಂದ, ನಮ್ಮಲ್ಲಿ ಕೋವಿಶೀಲ್ಡ್ ಅಂದರೆ ಅದೇ, ಹೆಪ್ಪುಗಟ್ಟುವ ಒಂದು ತೊಂದರೆ ಇತ್ತು. ಯಾರೂ ಬಚ್ಚಿಟ್ಟಿರಲಿಲ್ಲ, 2021ರಲ್ಲೇ ಯುರೋಪಿನ ಡಾಕ್ಟರುಗಳು ಬರೆದಿದ್ದಾರೆ. ತುಂಬಾ ಅಪರೂಪ. ಅದು ಬರುವುದು ಲಸಿಕೆ ಹಾಕಿಸಿದ ನಾಲ್ಕೈದು ದಿನದಿಂದ ಐದಾರು ವಾರದ ಒಳಗೆ. ಪ್ಲೇಟ್‌ಲೆಟ್ ಇಳಿಯುತ್ತೆ, ಹೆಪ್ಪು ಹೆಚ್ಚಾಗಿ ಮೆದುಳಿನ ಇಲ್ಲವೇ ಹೊಟ್ಟೆಯ ಸಿರೆಗಳಲ್ಲಿ ಆಗುತ್ತೆ. ಲಸಿಕೆ ಹಾಕಿಸಿ ವರ್ಷಗಳು ಕಳೆದ ಮೇಲೆ, ಮೂಗಿನಲ್ಲಿ ವೈರಸ್ ಸಿಕ್ಕಿರುವಾಗ, ಕೈಯ ಅಪಧಮನಿಯಲ್ಲಿ ಆದ ಹೆಪ್ಪನ್ನು ಅದರ ತಲೆಗೆ ಕಟ್ಟಿದರೆ ಹೇಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಮ್ಮ ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನು ನೋಡಿ 2023ರಲ್ಲಿ ವರದಿ ಕೊಟ್ಟಿತು. ಲಸಿಕೆಯಿಂದ ಅಪಾಯ ಜಾಸ್ತಿ ಆಗಿದ್ದು ಕಾಣಲಿಲ್ಲ. ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಇಂತಹ ಸಾವು ಇದ್ದವರಲ್ಲಿ, ವಿಪರೀತ ಕುಡಿದವರಲ್ಲಿ ಜಾಸ್ತಿ ಕಂಡಿತು. "ಅದು ಬರುವ ಮೊದಲು ಎಲ್ಲಿತ್ತು" ಅಂದಿರಿ. ಮಂಡಿ ಅಣ್ಣನ ಅಣ್ಣನಿಗೆ ಆದದ್ದು ಮೇ 2021, ಆಗ ನಮ್ಮ ಕಡೆ ಲಸಿಕೆಗೆ ಚಪ್ಪಲಿ ಸಾಲು ಇಟ್ಟು ಕಾಯುತ್ತಿದ್ದರು.

ನನ್ನ ಕಸುಬಿನ ಮಾತು ಒಂದು. ಈ ಕಥೆ ಓದಿ ನಾಳೆಯಿಂದ ಡಿ-ಡೈಮರ್ (ರಕ್ತದಲ್ಲಿ ಹೆಪ್ಪಿನ ಚೂರು ಎಷ್ಟಿದೆ ಅಂತ ನೋಡುವ ಟೆಸ್ಟ್) ಮಾಡಿ ಅಂತ ಬರಬೇಡಿ. 2021ರಲ್ಲಿ ಟೀ ಕುಡಿದ ಹಾಗೆ ಮಾಡಿಸಿದಿರಿ. ಜ್ವರ ಬಂದರೂ ಏರುತ್ತೆ, ವಯಸ್ಸಾದರೂ ಏರುತ್ತೆ, ಬಸುರಿಯರಿಗೂ ಏರುತ್ತೆ. ಕೈ ತಣ್ಣಗಾಗಿ ನಾಡಿ ಸಿಗದವನಿಗೆ ಬೇಕಾದ್ದು ಡಾಪ್ಲರ್, ರಕ್ತನಾಳ ತೋರಿಸುವ ಸಿಟಿ ಆಂಜಿಯೋಗ್ರಾಂ ಸ್ಕ್ಯಾನ್ ಮತ್ತು ಸರ್ಜನ್, ನಾನಲ್ಲ. ನನ್ನ ಹತ್ತಿರ ಬಂದರೆ ಒಂದು ಗಂಟೆ ಹಾಳು.

—

ಉತ್ತರ: ನಿಜ ಹೇಳ್ತೀನಿ

ಸರಿ ಬಿಡಿ. ಮೇ ತಿಂಗಳು ಅನ್ನುವುದನ್ನು ನಾನು ಗಮನಿಸಿರಲಿಲ್ಲ. ಅವರಣ್ಣನ ವಿಷಯಕ್ಕೆ ಬೇಜಾರಾಯಿತು.

—

ಉತ್ತರ: ತೆಂಗಿನಕಾಯಿ ಅತ್ತೆ, ತಿಪಟೂರು

ಮಗಳೇ, ಸೊಪ್ಪಿನ ಪ್ರಶ್ನೆ ನನಗೆ ಬಿಡು. ನನಗೆ ಹೃದಯದ ವಾಲ್ವ್ ಬದಲಾಯಿಸಿ ಒಂಬತ್ತು ವರ್ಷ, ಅವತ್ತಿನಿಂದ ಅಸಿಟ್ರೋಮ್ ನುಂಗುತ್ತಿದ್ದೇನೆ.

ಸೊಪ್ಪು ಬಿಡಬೇಡಿ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತೆ, ಅದು ರಕ್ತ ಗಟ್ಟಿ ಮಾಡುವ ಕಡೆಗೆ ಎಳೆಯುತ್ತೆ. ಮಾತ್ರೆ ಈ ಕಡೆಗೆ ಎಳೆಯುತ್ತೆ. ನೀನು ದಿನಾ ಎಷ್ಟು ಸೊಪ್ಪು ತಿನ್ನುತ್ತೀಯೋ ಅಷ್ಟಕ್ಕೆ ಹೊಂದಿಸಿ ಡಾಕ್ಟರ್ ಮಾತ್ರೆ ಅಳತೆ ಇಡುತ್ತಾರೆ. ತೊಂದರೆ ಬರುವುದು ಅಳತೆ ತಪ್ಪಿದಾಗ. ನಾನು ಮೊದಲ ವರ್ಷ ಯಾರದೋ ಮಾತು ಕೇಳಿ ಪೂರ್ತಿ ಬಿಟ್ಟೆ, ಐಎನ್‌ಆರ್ ಐದು ದಾಟಿ ಹಲ್ಲುಜ್ಜಿದರೆ ರಕ್ತ. ಆಮೇಲೆ ಮಳೆಗಾಲದಲ್ಲಿ ಹೊಲದಿಂದ ಬೆರಕೆ ಸೊಪ್ಪು ಬಂತು, ಆಸೆಗೆ ಬಿದ್ದು ನಾಲ್ಕು ದಿನ ಬಿಡದೆ ಮಸ್ಸೊಪ್ಪು, ಬಸ್ಸಾರು ಮಾಡಿಕೊಂಡು ತಿಂದೆ, ಒಂದೂವರೆಗೆ ಇಳಿಯಿತು. ಈಗ ವಾರಕ್ಕೆ ಮೂರು ದಿನ, ಒಂದೊಂದು ಸೌಟು, ಅಷ್ಟೇ. ನುಗ್ಗೆ ಸೊಪ್ಪು, ಪಾಲಕ್‌ನಲ್ಲಿ ಜಾಸ್ತಿ ಇರುತ್ತೆ, ಎಲೆಕೋಸಿನಲ್ಲೂ ಇದೆ. ನಿಮ್ಮಪ್ಪನಿಗೆ ಐಎನ್‌ಆರ್ ಎಷ್ಟಿರಬೇಕು ಅಂತ ಕೇಳಿಕೊಳ್ಳಿ, ಹೆಚ್ಚಿನವರಿಗೆ 2ರಿಂದ 3ರ ನಡುವೆ ಇಡುತ್ತಾರೆ. ನನ್ನದು ವಾಲ್ವ್ ಇರುವುದರಿಂದ ಸ್ವಲ್ಪ ಮೇಲೆ.

ಸೊಪ್ಪಿಗಿಂತ ದೊಡ್ಡ ಶತ್ರು ನೋವಿನ ಮಾತ್ರೆ. ಮೈಕೈ ನೋವು ಅಂತ ಕ್ಲಿನಿಕ್ಕಿಗೆ ಹೋದರೆ ಸೊಂಟಕ್ಕೆ ಡೈಕ್ಲೋ ಇಂಜೆಕ್ಷನ್ ಚುಚ್ಚುತ್ತಾರೆ. ಚುಚ್ಚಿಸಿಕೊಳ್ಳಬಾರದು, ಒಳಗೇ ರಕ್ತ ಕಟ್ಟುತ್ತೆ. ಬೇರೆ ಯಾವ ಮಾತ್ರೆ ಕೊಟ್ಟರೂ, ಆಂಟಿಬಯಾಟಿಕ್ ಆದರೂ, "ನಾನು ರಕ್ತ ತೆಳು ಮಾಡುವ ಮಾತ್ರೆ ತಗೋತೀನಿ" ಅಂತ ಮೊದಲು ಹೇಳಬೇಕು. ನಾನು ಒಂದು ಚೀಟಿ ಬರೆದು ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ, ತಲೆಗೆ ಪೆಟ್ಟು ಬಿದ್ದರೆ ಮನೆಯಲ್ಲಿ ಕೂರಬಾರದು.

ಇಲಿ ಪಾಷಾಣದ ಮಾತು ಸುಳ್ಳಲ್ಲ ಕಣಮ್ಮ, ಆದರೆ ಹೇಳುವ ರೀತಿ ಬೇರೆ. ನಮ್ಮ ಡಾಕ್ಟರ್ ಹೇಳಿದ್ದು. ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವಂತೆ. ಆ ಮೇವಿನಲ್ಲಿದ್ದ ವಸ್ತು ಹುಡುಕಿ, ಅದರಿಂದ ವಾರ್ಫರಿನ್ ಮಾಡಿ 1948ರಲ್ಲಿ ಇಲಿಗೆ ಇಟ್ಟರು, 1954ರಲ್ಲಿ ಅಳತೆ ಮಾಡಿ ಮನುಷ್ಯರಿಗೆ ಕೊಟ್ಟರು. ಅಸಿಟ್ರೋಮ್ ಅದರ ತಂಗಿ ಇದ್ದ ಹಾಗೆ. ನಿಮ್ಮಮ್ಮನಿಗೆ ಹೇಳು, ಉಪ್ಪೂ ಒಂದು ಸೇರು ತಿಂದರೆ ಸಾಯುತ್ತೇವೆ, ಹಾಗಂತ ಸಾರಿಗೆ ಹಾಕದೆ ಬಿಡುತ್ತೀವಾ?

—

ಉತ್ತರ: ಮಂಡಿ ಅಣ್ಣ, ಕೋಲಾರ

ಅತ್ತೆ, ನಿಮ್ಮ ಕೊನೆ ಮಾತು ಅಣ್ಣನಿಗೆ ಓದಿ ಹೇಳಿದೆ. ನಕ್ಕ. ಅವನೂ ಮಾತ್ರೆ ನುಂಗಲು ಹಟ ಮಾಡುತ್ತಿರುತ್ತಾನೆ.

ಸಿಸ್ಟರ್, ಒಂದು ಕೇಳಬೇಕು. ಅವನಿಗೆ ಇನ್ನೊಂದು ಕಾಲಿಗೂ ಬರುತ್ತಾ?

—

ಉತ್ತರ: ಗುಬ್ಬಿ ಸಿಸ್ಟರ್

ಸೋಂಕಿನ ಕಾವಿಗೆ ಆದದ್ದಾದರೆ ಆ ಕಾವು ಯಾವತ್ತೋ ಆರಿದೆ ಅಣ್ಣ. ಆದರೆ ಇರುವುದು ಒಂದೇ ಕಾಲು. ಸಿಗರೇಟ್ ಬೀಡಿ ಇದ್ದರೆ ಬಿಡಿಸಿ, ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸುತ್ತಿರಿ. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತಾ ಅಂತ ಕೇಳಿ. ಹಾಗಿದ್ದರೆ ಒಂದು ಸಲ ಡಾಪ್ಲರ್ ಮಾಡಿಸಿ. ಜ್ವರ ಬಂದ ವಾರಗಳಲ್ಲಿ ದಿನಾ ಪಾದ ಮುಟ್ಟಿ ನೋಡಿ.

—

ಮೂರು ವಾರದ ನಂತರ, ಶಿಡ್ಲಘಟ್ಟದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ನೀವು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದೆ. ಎಕೋ ಆಗಲೇ ಮಾಡಿದ್ದರು, ವಾಲ್ವ್ ಚೆನ್ನಾಗಿದೆ. ಹೋಲ್ಟರ್ ಮಾಡಿರಲಿಲ್ಲ. ಎದೆಗೆ ವೈರ್ ಅಂಟಿಸಿ ಡಬ್ಬಿ ಸೊಂಟಕ್ಕೆ ಕಟ್ಟಿ ಕಳಿಸಿದರು, ಅಪ್ಪ ಅದನ್ನು ಕಟ್ಟಿಕೊಂಡೇ ಗೂಡು ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ಗೂಡು ಕೊಂಡು ಬಂದರು. ವರದಿಯಲ್ಲಿ ರಾತ್ರಿ ಎರಡು ಸಲ ಬಡಿತ ತಾಳ ತಪ್ಪಿದೆ, ಒಂದು ಸಲ ನಲವತ್ತು ನಿಮಿಷ. ಅಪ್ಪನಿಗೆ ಗೊತ್ತೇ ಆಗಿಲ್ಲ, ನಿದ್ದೆಯಲ್ಲಿದ್ದರು. ಇದು ಜ್ವರಕ್ಕೆ ಮೊದಲೇ ಇತ್ತೋ ಜ್ವರದಿಂದ ಶುರುವಾಯಿತೋ ಹೇಳಲು ಆಗಲ್ಲ, ಜ್ವರ ಅದನ್ನು ಕೆದಕಿರಬಹುದು ಅಂದರು ಡಾಕ್ಟರ್. ಮಾತ್ರೆ ಜೀವನಪೂರ್ತಿ.

ಆದರೆ ವಾಲ್ವ್ ಚೆನ್ನಾಗಿರುವುದರಿಂದ, ಕಿಡ್ನಿ ಟೆಸ್ಟೂ ಸರಿ ಇರುವುದರಿಂದ ಅಸಿಟ್ರೋಮ್ ಬಿಡಿಸಿ ಅಪಿಕ್ಸಾಬಾನ್ ಅನ್ನುವ ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆಗೆ ಬದಲಾಯಿಸಿದರು. ಬೆಳಗ್ಗೆ ಒಂದು, ರಾತ್ರಿ ಒಂದು. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಒಂದು ಹೊತ್ತೂ ತಪ್ಪಬಾರದು, ಇದರ ಶಕ್ತಿ ಬೇಗ ಇಳಿದುಹೋಗುತ್ತೆ ಅಂತ ಎರಡೆರಡು ಸಲ ಹೇಳಿದರು. ಅಮ್ಮ ಈಗ ಡಬ್ಬಿಯನ್ನು ದೇವರ ಫೋಟೋ ಪಕ್ಕ ಇಟ್ಟಿದ್ದಾರೆ. ದೀಪ ಹಚ್ಚುವಾಗ ಒಂದು ಮಾತ್ರೆ, ಎರಡು ಹೊತ್ತೂ.

ಅತ್ತೆ, ನೀವು ಬರೆದದ್ದೆಲ್ಲ ನಮಗೆ ಉಪಯೋಗಕ್ಕೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಡೈಕ್ಲೋ ಇಂಜೆಕ್ಷನ್ ಮಾತು ಬಂತು. ಹೋದ ವಾರ ಅಪ್ಪ ಸೊಂಟ ನೋವು ಅಂತ ಅದೇ ಕ್ಲಿನಿಕ್ಕಿಗೆ ಹೊರಟಿದ್ದರು, ಬಾಗಿಲಲ್ಲೇ ತಡೆದೆ.

ಬೀಡಿ ಬಿಟ್ಟಿಲ್ಲ. ಕಮ್ಮಿ ಮಾಡಿದ್ದೇನೆ ಅನ್ನುತ್ತಾರೆ, ಎಷ್ಟು ಅಂದರೆ "ಒಂದು".

ಕಿರುಬೆರಳ ತುದಿಯಲ್ಲಿ ಕಪ್ಪು ಚರ್ಮ ಒಣಗಿ ಉದುರಿತು, ಕೆಳಗೆ ಹೊಸ ಚರ್ಮ ಇದೆ. ತೋರುಬೆರಳಿಗೆ ಮಾತ್ರ ಸ್ಪರ್ಶ ಪೂರ್ತಿ ಬಂದಿಲ್ಲ. ನೂಲಿನ ಎಳೆ ಹಿಡಿಯುವುದು ಅದೇ ಬೆರಳಿನಲ್ಲಿ, ಗೂಡಿನ ಎಳೆ ಕಣ್ಣಿಗೂ ಸರಿಯಾಗಿ ಕಾಣಲ್ಲ, ಬೆರಳಿಗೇ ಗೊತ್ತಾಗಬೇಕು. ಈಗ ಎಡಗೈಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ, ಎಳೆ ತುಂಡಾದಾಗಲೆಲ್ಲ ಬೈಯುತ್ತಾರೆ. ಇದು ವಾಪಸ್ ಬರುತ್ತಾ ಸಿಸ್ಟರ್?

—

ಉತ್ತರ: ಗುಬ್ಬಿ ಸಿಸ್ಟರ್

ನರ ಚಿಗುರುವುದು ತುಂಬಾ ನಿಧಾನ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ತಿಂಗಳುಗಟ್ಟಲೆ ಕಾಯಬೇಕು, ಪೂರ್ತಿ ಬರುತ್ತೆ ಅಂತ ಮಾತು ಕೊಡಲು ಆಗಲ್ಲ. ಫಿಸಿಯೋ ಹೇಳಿದ ವ್ಯಾಯಾಮ ಬಿಡಬೇಡಿ. ಅಕ್ಕಿ, ರಾಗಿ, ಹೆಸರುಕಾಳು ಬೇರೆ ಬೇರೆ ಬಟ್ಟಲಿನಲ್ಲಿ ಇಟ್ಟು, ಕಣ್ಣು ಮುಚ್ಚಿ ಬೆರಳಲ್ಲಿ ಯಾವುದು ಅಂತ ಹೇಳಿಸಿ, ದಿನಾ. ಅಲ್ಲಿಯವರೆಗೆ ಬೇಸಿನ್ ನೀರಿನ ಬಿಸಿಯನ್ನು ಎಡಗೈಯಲ್ಲೇ ನೋಡಬೇಕು, ಬಲಗೈಯನ್ನು ನಂಬಬೇಡಿ ಅಂತ ಹೇಳಿ.